ಹರಾರೆಯ ಅಜ್ಜಿಯರ ಬೆಂಚು ಮೂಡಿಗೆರೆಗೆ ಬಂದೀತೇ?

ಪ್ರಶ್ನೆ: ಜಿಂಬಾಬ್ವೆಯಲ್ಲಿ ಅಜ್ಜಿಯರು ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಕೂತು ಖಿನ್ನತೆ ಇರುವವರಿಗೆ ಸಮಾಧಾನ ಹೇಳುತ್ತಾರಂತೆ, ಜನ ಗುಣವಾಗುತ್ತಾರಂತೆ. ನಮ್ಮ ಸ್ತ್ರೀಶಕ್ತಿ ಸಂಘದವರು ಮೂಡಿಗೆರೆ ಕಡೆ ಇಂಥದ್ದನ್ನು ಶುರುಮಾಡಬಹುದೇ? ಹೊರದೇಶದ ಪದ್ಧತಿ ನಮ್ಮ ಜನಕ್ಕೆ ಒಗ್ಗುತ್ತದೆಯೇ?

ಉತ್ತರ: ಮಾಡಬಹುದು. ಬೆಂಚನ್ನು ಅಲ್ಲೇ ಬಿಟ್ಟು, ಅದರ ಹಿಂದಿರುವ ಶಿಸ್ತನ್ನು ತರಬೇಕು.

ಆ ಅಜ್ಜಿಯರು ಸಮಾಧಾನ ಹೇಳುತ್ತಾರೆ ಅನ್ನುವುದು ಪೂರ್ತಿ ಸರಿಯಲ್ಲ. ಮನೋವೈದ್ಯ ಡಾ. ಡಿಕ್ಸನ್ ಚಿಬಾಂಡಾ 2006ರಲ್ಲಿ ಹರಾರೆ ನಗರದ ಎಂಬಾರೆ ಬಡಾವಣೆಯಲ್ಲಿ 14 ಅಜ್ಜಿಯರೊಂದಿಗೆ ಇದನ್ನು ಆರಂಭಿಸಿದರು. ಅದಕ್ಕೆ ಸ್ವಲ್ಪ ಮೊದಲು, ದೂರದ ಊರಿನಲ್ಲಿದ್ದ ಅವರ ರೋಗಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಿದ್ದಳು. ಅವಳನ್ನು ಆಸ್ಪತ್ರೆಗೆ ಕರೆತರಲು ಮನೆಯವರ ಕೈಯಲ್ಲಿ ಬಸ್ ಚಾರ್ಜ್ ಇರಲಿಲ್ಲ. ಕಳಸ, ಹೊರನಾಡು ಕಡೆಯಿಂದ ಜಿಲ್ಲಾಸ್ಪತ್ರೆಗೆ ಬರಬೇಕಾದ ಕೂಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬಸ್ ಚಾರ್ಜಿನ ಜೊತೆ ಆ ದಿನದ ಸಂಬಳವೂ ಹೋಗುತ್ತದೆ.

ಬೆಂಚಿನ ಮೇಲೆ ನಡೆಯುವುದು ಇದು. ನಿದ್ದೆ, ಯೋಚನೆ, ದಣಿವು, ಸಾಯಬೇಕೆಂಬ ಭಾವ ಮುಂತಾದವುಗಳ ಬಗ್ಗೆ ಅಲ್ಲಿನ ಶೋನಾ ಭಾಷೆಯಲ್ಲಿ 14 ಪ್ರಶ್ನೆ. ಆಮೇಲೆ ಬಂದವರು ತಮ್ಮ ಕಷ್ಟಗಳನ್ನೆಲ್ಲ ಹೇಳಿಕೊಳ್ಳುತ್ತಾರೆ. ಅವುಗಳಲ್ಲಿ ಮೊದಲು ಯಾವುದನ್ನು ಹಿಡಿಯಬೇಕೆಂದು ಅವರೇ ಆರಿಸುತ್ತಾರೆ. ಅದಕ್ಕೆ ನಿನ್ನ ಕೈಯಲ್ಲಿ ಏನು ಮಾಡಲು ಸಾಧ್ಯ, ಯಾರು ಜೊತೆಗಿದ್ದಾರೆ ಎಂದು ಅಜ್ಜಿ ಕೇಳುತ್ತಾಳೆ. ಒಂದು ಸಣ್ಣ ಹೆಜ್ಜೆ ನಿಶ್ಚಯವಾಗುತ್ತದೆ, ಮುಂದಿನ ಭೇಟಿಯಲ್ಲಿ ಅದೇನಾಯಿತೆಂದು ವಿಚಾರಿಸುತ್ತಾಳೆ. ಇಂಥ ಆರು ಭೇಟಿ. ಅದಾದ ಮೇಲೆ ತಮ್ಮಂಥವರದೇ ಒಂದು ಗುಂಪಿಗೆ ಸೇರಿಕೊಂಡು, ಹಳೆಯ ಪ್ಲಾಸ್ಟಿಕ್ ಎಳೆಗಳಿಂದ ಚೀಲ ಹೆಣೆಯುತ್ತ ಮಾತಾಡುತ್ತಾರೆ. 573 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಬೆಂಚಿಗೆ ಬಂದವರಲ್ಲಿ ಶೇ. 13.7 ಮಂದಿಯಲ್ಲಿ ಖಿನ್ನತೆಯ ಲಕ್ಷಣ ಉಳಿದಿತ್ತು. ಮಾಮೂಲಿ ಆರೈಕೆಯನ್ನೇ ಸ್ವಲ್ಪ ಸುಧಾರಿಸಿ ಕೊಟ್ಟ ಇನ್ನೊಂದು ಗುಂಪಿನಲ್ಲಿ ಅದು ಶೇ. 49.9.

ಇದರ ಜೊತೆಗೆ ಅಮೆರಿಕದ ಇನ್ನೊಂದು ಪದ್ಧತಿಯನ್ನೂ ತಿಳಿದಿರಬೇಕು. 1980ರ ದಶಕದಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ರ‍್ಯಾಪ್ ಮತ್ತು ಸಂಗಡಿಗರು, ತೀವ್ರ ಮಾನಸಿಕ ಕಾಯಿಲೆ ಇರುವವರ ಕೊರತೆಗಳನ್ನು ಪಟ್ಟಿ ಮಾಡುವ ಬದಲು ಅವರ ಬಲವನ್ನು ಬರೆದುಕೊಳ್ಳಲು ಶುರುಮಾಡಿದರು. ಮನೆ, ದುಡಿಮೆ, ಹಣ, ನಂಟು, ಆರೋಗ್ಯ, ಬಿಡುವು, ದೇವರು ದಿಂಡರು, ಹೀಗೆ ಬದುಕಿನ ಒಂದೊಂದು ಮಗ್ಗುಲಿಗೂ ಮೂರು ಕಾಲಂ: ಈಗ ಏನಿದೆ, ಏನು ಬೇಕು, ಹಿಂದೆ ಯಾವುದು ಕೈಹಿಡಿದಿತ್ತು. ಕೆನಡಾ, ಆಸ್ಟ್ರೇಲಿಯಾ, ಜಪಾನ್, ಹಾಂಗ್‌ಕಾಂಗ್‌ಗಳಲ್ಲೂ ಈ ಹಾಳೆ ಬಳಕೆಯಲ್ಲಿದೆ.

ಮರಗಸಿ ಮಾಡುವ, ಅಂದರೆ ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಇಳಿಸುವ, ಒಬ್ಬ ಕೂಲಿಯನ್ನು ಊಹಿಸಿಕೊಳ್ಳಿ. ಮಾಮೂಲಿ ಫೈಲಿನಲ್ಲಿ ಅವನು ಇಷ್ಟೇ: ನಿದ್ದೆ ಇಲ್ಲ, ಕುಡಿತ ಇದೆ, ಕೆಲಸಕ್ಕೆ ಹೋಗುತ್ತಿಲ್ಲ, ಒಬ್ಬನೇ ಮಾತಾಡಿಕೊಳ್ಳುತ್ತಾನೆ. ಮೂರು ಕಾಲಂನ ಹಾಳೆಯಲ್ಲಿ ಬೇರೆಯವನೊಬ್ಬ ಕಾಣುತ್ತಾನೆ. ನೆರಳು ಎಷ್ಟು ಬಿಡಬೇಕು, ಯಾವ ಕೊಂಬೆ ಇಳಿಸಿದರೆ ಕೆಳಗಿನ ಕಾಫಿ ಗಿಡ ಮುರಿಯುವುದಿಲ್ಲ ಎಂದು ಅವನಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಕೊಪ್ಪದಲ್ಲಿರುವ ಅಕ್ಕ ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ. ಮೊದಲು ಭಜನೆಯಲ್ಲಿ ತಾಳ ಹಾಕುತ್ತಿದ್ದ. ಹಾಸ್ಟೆಲಿನಲ್ಲಿರುವ ಮಗಳನ್ನು ದೀಪಾವಳಿಗೆ ತಾನೇ ಹೋಗಿ ಕರೆತರಬೇಕೆಂಬ ಆಸೆ ಇದೆ. ಯೋಜನೆ ಹುಟ್ಟಬೇಕಾದ್ದು ಈ ಆಸೆಯಿಂದ. ಮಾತ್ರೆಯಿಂದ ಮಂಪರು ಬರುವಷ್ಟು ದಿನ ಮರ ಹತ್ತುವಂತಿಲ್ಲ. ಹಾಗಾಗಿ ಮೊದಲ ವಾರ ಮೆಣಸಿನ ಬಳ್ಳಿ ಕಟ್ಟುವ ಕೆಲಸಕ್ಕೆ ಪಕ್ಕದ ಮನೆಯವನ ಜೊತೆ ಮುಯ್ಯಾಳು ಹೋಗಲಿ. ಮಾತ್ರೆ ತಗೊಂಡೆಯಾ ಎಂದು ಕೇಳುವ ಜವಾಬ್ದಾರಿ ಅಕ್ಕನ ಫೋನಿಗಿರಲಿ. ಹಾಗೆ ಕೇಳಬಹುದೇ ಇಲ್ಲವೇ ಎನ್ನುವುದನ್ನೂ ಅವನೇ ತೀರ್ಮಾನಿಸಬೇಕು.

ಒಂದು ದೇಶದ್ದು ಇನ್ನೊಂದಕ್ಕೆ ಹೋದಾಗ ಏನು ಬದಲಾಗುತ್ತದೆ ಎನ್ನುವುದಕ್ಕೆ ನ್ಯೂಯಾರ್ಕ್ ನೋಡಿ. ಹರಾರೆಯ ಬೆಂಚು ಅಲ್ಲಿಗೆ ಹೋದಾಗ ಅಜ್ಜಿಯರ ಜಾಗದಲ್ಲಿ ಕೂತವರು, ಸ್ವತಃ ಮಾನಸಿಕ ಕಾಯಿಲೆಯನ್ನೋ ಮಾದಕ ವ್ಯಸನವನ್ನೋ ಹಾದುಬಂದವರು. ಆ ನಗರದಲ್ಲಿ ನೊಂದವರು ನಂಬುವುದು ಅಂಥವರನ್ನು. ನಮ್ಮಲ್ಲಿ ಯಾರು ಎಂಬುದು ಊರಿಂದೂರಿಗೆ ಬೇರೆ. ಅರಸೀಕೆರೆಯ ಬಯಲಿನಲ್ಲಿ ಮರದ ಕೆಳಗೆ ಕೂತು ಮಾತಾಡಿದರೆ ನಡೆದೀತು. ಜೂನ್‌ನಿಂದ ಮಳೆ ಹಿಡಿದುಕೊಳ್ಳುವ, ಮನೆಗೂ ಮನೆಗೂ ತೋಟವೇ ಅಡ್ಡ ಇರುವ ಮಲೆನಾಡಿನಲ್ಲಿ ಅಂಗಳದ ಬೆಂಚು ನೆನೆಯುತ್ತ ಖಾಲಿ ಬಿದ್ದಿರುತ್ತದೆ. ಎಸ್ಟೇಟಿನ ಲೈನ್ ಮನೆಗಳಲ್ಲಿ ಯಾರು ಯಾರ ಹತ್ತಿರ ಕೂತರೆಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಮಕ್ಕಳು ಹೋದ ಮೇಲಿನ ಅಂಗನವಾಡಿ ಕೋಣೆ ನನಗೆ ಹೆಚ್ಚು ಸರಿ ಅನಿಸುತ್ತದೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ದುಡಿಯುವವರಿಗೆ ನಮ್ಮ ಊರಿನ ಅಜ್ಜಿಯ ಭಾಷೆಯೇ ತಿಳಿಯದು. ಅವರ ನಡುವಿನಿಂದಲೇ ಒಬ್ಬರನ್ನು ತರಬೇತಿಗೆ ಕಳಿಸದಿದ್ದರೆ ಈ ಕೆಲಸ ಅರ್ಧಕ್ಕೇ ನಿಂತಂತೆ.

ಕರ್ನಾಟಕ ಇದರಲ್ಲಿ ಬರಿಗೈಲಿ ಕೂತಿಲ್ಲ ಎಂಬುದನ್ನೂ ಹೇಳಬೇಕು. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಿ ನೋಡಿಕೊಳ್ಳುವುದನ್ನು ಕಲಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಚಿಕ್ಕಮಗಳೂರಿನ ಗಡಿಗೆ ತಾಗಿಕೊಂಡಿರುವ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಅವರ ಊರಲ್ಲೇ ಇಟ್ಟು ನೋಡಿಕೊಳ್ಳುವ ಕೆಲಸ ನಡೆದಿದೆ. ಹರಾರೆಗಿಂತ ಮೊದಲು ನೀವು ಹೋಗಿ ನೋಡಬೇಕಾದ ಊರು ಅದು.

ಇನ್ನು ಶಿಸ್ತಿನ ಮಾತು. ಗೋವಾದಲ್ಲಿ ಸಂಗಾತ್ ಸಂಸ್ಥೆ ಮನೋವೈದ್ಯಶಾಸ್ತ್ರದ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಖಿನ್ನತೆ ಮತ್ತು ಕುಡಿತ ಎರಡಕ್ಕೂ ಆಪ್ತಸಲಹೆ ಕೊಡಿಸಿತು. ಎರಡರಿಂದಲೂ ಉಪಯೋಗವಾದದ್ದನ್ನು ತೋರಿಸಿದ ಅಧ್ಯಯನಗಳು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದವು. ಆ ಸಲಹೆಗಾರರು ತಮ್ಮ ಮಾತುಕತೆಯನ್ನು ರೆಕಾರ್ಡ್ ಮಾಡಿ, ಒಟ್ಟಿಗೆ ಕೂತು ಕೇಳಿ, ಒಬ್ಬರಿಗೊಬ್ಬರು ಅಂಕ ಕೊಡುತ್ತಿದ್ದರು. ಎಲ್ಲಿ ಕೇಳಿಸಿಕೊಳ್ಳುವುದು ಬಿಟ್ಟು ಉಪದೇಶಕ್ಕೆ ಇಳಿದೆವು ಎಂದು ಗೊತ್ತಾಗುವುದು ಹೀಗೆ. ಒಳ್ಳೆಯ ಮನಸ್ಸಿನ ಹತ್ತು ಹೆಂಗಸರನ್ನು ಕಲೆಹಾಕಿ ಒಂದು ದಿನದ ಕಾರ್ಯಾಗಾರ ಮಾಡಿ ಕಳಿಸಿದರೆ, ಅವರು ಹೇಳುವುದು ‘ಧೈರ್ಯ ತಗೋ, ಎಲ್ಲ ಸರಿಹೋಗುತ್ತೆ’ ಅಂತಲೇ. ಬಲವನ್ನು ನೋಡುವುದೆಂದರೆ ಕಷ್ಟವನ್ನು ಮುಚ್ಚಿಹಾಕುವುದೆಂದು ತಿಳಿಯುವ ಅಪಾಯ ಇಲ್ಲಿ ಬಹಳ ಇದೆ. ಬೆಳೆ ನೆಲಕಚ್ಚಿದವನಿಗೆ, ಗಂಡನಿಂದ ಹೊಡೆತ ತಿನ್ನುವವಳಿಗೆ, ನಿನ್ನೊಳಗೇ ಶಕ್ತಿ ಇದೆ ಎಂದಷ್ಟೇ ಹೇಳಿ ಕಳಿಸುವುದು ಕ್ರೌರ್ಯ. ಬೆಳೆ ವಿಮೆಯ ಅರ್ಜಿ, ಮಹಿಳಾ ಸಹಾಯವಾಣಿ, ಉದ್ಯೋಗ ಖಾತ್ರಿ, ಇವೆಲ್ಲ ಆ ಮಾತುಕತೆಯ ಭಾಗವಾಗಿರಬೇಕು.

ದುಡ್ಡಿನ ವಿಷಯದಲ್ಲೂ ನನ್ನ ಅಭಿಪ್ರಾಯ ಸ್ಪಷ್ಟ. ಹರಾರೆಯ ಅಜ್ಜಿಯರು ನಗರಸಭೆಯ ಆರೋಗ್ಯ ಕಾರ್ಯಕರ್ತೆಯರಾಗಿ ಭತ್ಯೆ ಪಡೆಯುತ್ತಿದ್ದವರು. ಈಗಾಗಲೇ ಹೊರೆ ಹೊತ್ತು ಸುಸ್ತಾದ ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದನ್ನು ಪುಕ್ಕಟೆ ಹೇರಬಾರದು.

ಶುರುಮಾಡುವುದಾದರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಅಲ್ಲಿ ಮಂಗಳವಾರ ಮಾನಸಿಕ ರೋಗಿಗಳನ್ನು ನೋಡುವ ವ್ಯವಸ್ಥೆ ಇದೆ. ನಮ್ಮ ಸಂಘದವರ ಮೇಲ್ವಿಚಾರಣೆ ಮಾಡುತ್ತೀರಾ, ನಾವು ಕಳಿಸಿದವರನ್ನು ಅವತ್ತೇ ನೋಡುತ್ತೀರಾ ಎಂದು ವೈದ್ಯರನ್ನು ಕೇಳಿ. ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ. ಸಾಯುವ ಮಾತಾಡುವವರು, ಇಲ್ಲದ ದನಿ ಕೇಳಿಸುತ್ತದೆ ಎನ್ನುವವರು, ಊಟ ನಿದ್ದೆ ಬಿಟ್ಟವರು ಯಾರೇ ಬಂದರೂ ತಡಮಾಡದೆ ವೈದ್ಯರ ಬಳಿ ಕಳಿಸಬೇಕು ಎನ್ನುವುದನ್ನು ಅಂಗನವಾಡಿ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಅದರ ಕೆಳಗೆ 2022ರಿಂದ ದೇಶದಾದ್ಯಂತ ಹಗಲು ರಾತ್ರಿ ನಡೆಯುತ್ತಿರುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಇರಲಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.