ಆಯಾಳ ಎದುರಿಗೆ ಕೇಳಬೇಡಿ

ವೃದ್ಧಾಶ್ರಮದಿಂದಲೋ ವಿಕಲಚೇತನರ ವಸತಿಗೃಹದಿಂದಲೋ ಹೊಡೆತದ್ದೋ ನಿರ್ಲಕ್ಷ್ಯದ್ದೋ ದೂರು ಬಂದು, ವಿಚಾರಿಸಲು ನಾವು ಹೋಗುವಷ್ಟರಲ್ಲಿ ಅಲ್ಲಿ ಒಂದು ವಿಚಾರಣೆ ಮುಗಿದೇ ಹೋಗಿರುತ್ತದೆ. ಮೇಲ್ವಿಚಾರಕರು ಆಯಾಳನ್ನು ಮಂಚದ ಪಕ್ಕಕ್ಕೆ ಕರೆಸಿ, ಅಲ್ಲಿ ಮಲಗಿದ ಮುದುಕಿಯನ್ನು ‘ಆಯೀ, ನಿಮಗ ಯಾರರ ಹೊಡದಾರೇನು?’ ಎಂದು ಕೇಳಿರುತ್ತಾರೆ. ‘ಇಲ್ರೀ ಸರ, ಛಲೋ ನೋಡ್ಕೋತಾರ’ ಎಂಬ ಉತ್ತರ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿ ಫೈಲಿಗೆ ಸೇರಿಸಿರುತ್ತಾರೆ. ಹುಬ್ಬಳ್ಳಿಯಲ್ಲೂ ಅದೇ, ಗದಗದಲ್ಲೂ ಅದೇ. ಆ ಕಾಗದ ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ.

ಆ ಮುದುಕಿಯ ಬಟ್ಟೆ ಬದಲಿಸುವವಳು, ಮಗ್ಗಲು ಹೊರಳಿಸುವವಳು, ಬಾಯಿಗೆ ಗಂಜಿ ಹಾಕುವವಳು ಇವತ್ತು ರಾತ್ರಿಯೂ ಅದೇ ಆಯಾ. ಅವಳ ಎದುರಿಗೆ ಹೌದು ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಆಯಾ ಬಾಗಿಲ ಹೊರಗೆ ನಿಂತರೂ ಅಷ್ಟೇ, ಹೆಜ್ಜೆ ಸಪ್ಪಳ ಆಕೆಗೆ ಗೊತ್ತು. ಮಗನನ್ನು ಕರೆಸಿ ಕೇಳಿಸಿದರೂ ಅಷ್ಟೇ: ಇಲ್ಲಿಂದ ಹೊರಬಿದ್ದರೆ ಅವನು ಮನೆಗೆ ಕರೆದೊಯ್ಯುವುದಿಲ್ಲ ಎಂಬುದು ಆಕೆಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ಹೀಗೆ ಸಿಕ್ಕ ‘ಇಲ್ಲ’ಕ್ಕೆ ಪುರಾವೆಯ ಬೆಲೆಯಿಲ್ಲ.

ಒಬ್ಬರೇ ಇದ್ದಾಗ ಮಾತಾಡಿಸಬೇಕು. ಹೊಡೆದವರು ಯಾರು ಎಂದು ಶುರು ಮಾಡಲೇಬಾರದು. ಮುಂಜಾನೆ ಚಹಾ ಎಷ್ಟೊತ್ತಿಗೆ ಬರುತ್ತದೆ, ರಾತ್ರಿ ನೀರಡಿಕೆಯಾದರೆ ಯಾರನ್ನು ಕರೆಯುತ್ತೀರಿ, ಇಂಥವೇ ಸಾಕು. ಹಾವೇರಿ ಕಡೆಯ ಒಂದು ವಸತಿಗೃಹದಲ್ಲಿ ಈ ನೀರಡಿಕೆಯ ಪ್ರಶ್ನೆಗೆ ಒಬ್ಬ ಹುಡುಗ, ‘ಐದರ ಮ್ಯಾಲ ನೀರು ಕೊಡಂಗಿಲ್ರೀ ಅಕ್ಕಾರ, ಹಾಸಗಿ ಹಸೀ ಆಗತೈತಂತ’ ಅಂದ. ಹೋಗಿ ನೋಡಿದರೆ ಲೋಟಗಳನ್ನೆಲ್ಲ ತೊಳೆದು, ಬೋರಲು ಹಾಕಿ, ಕಪಾಟಿಗೆ ಕೀಲಿ ಜಡಿದಿತ್ತು. ಸಿಬ್ಬಂದಿ ಏನನ್ನೂ ಮುಚ್ಚಿಡಲಿಲ್ಲ; ಅದು ತಪ್ಪೆಂದೇ ಅವರಿಗೆ ಅನಿಸಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಮಿನ ಪ್ರಕಾರ, ತಮ್ಮ ಸುಪರ್ದಿಯಲ್ಲಿರುವ ವಿಕಲಚೇತನರಿಗೆ ಗೊತ್ತಿದ್ದೂ ಅನ್ನ, ನೀರು ಕೊಡದಿದ್ದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ.

ಹಾಗಂತ ಮೈಮೇಲಿನ ಕಂದಿದ ಗುರುತೆಲ್ಲ ಏಟೇ ಅಲ್ಲ. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರಿಗೆ ಮಂಚದ ಅಂಚು ತಾಗಿದರೂ ಚರ್ಮ ನೀಲಿಗಟ್ಟುತ್ತದೆ. ತೀರಾ ಜಡ್ಡಿನಲ್ಲಿ ಬಿದ್ದವರಿಗೆ ಎಷ್ಟು ನೋಡಿಕೊಂಡರೂ, ಒಂದೇ ಮಗ್ಗಲಲ್ಲಿ ಮಲಗಿ ಏಳುವ ಹಾಸಿಗೆ ಹುಣ್ಣು ಆಗಬಹುದು. ಅದನ್ನು ವೈದ್ಯರು ಹೇಳಬೇಕು. ಹುಣ್ಣು ತೊಳೆದು ಪಟ್ಟಿ ಕಟ್ಟುವ ಮೊದಲು ತಾರೀಖು ಹಾಕಿ ಫೋಟೊ ತೆಗೆಯಿರಿ. ಮಗ್ಗಲು ಹೊರಳಿಸಿದ ರಿಜಿಸ್ಟರನ್ನೂ ನೋಡಿ. ರೋಗಿ ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲೂ ಎರಡು ತಾಸಿಗೊಮ್ಮೆ ಇಲ್ಲಿ ಹೊರಳಿಸಿದ ದಾಖಲೆ, ತಿಂಗಳಿಡೀ ಒಂದೇ ಪೆನ್ನಿನಲ್ಲಿ ಬರೆದದ್ದು, ಕಂಡಿದ್ದೇನೆ.

ತಿಳಿಸಲು ನಿಮ್ಮ ಕೈಯಲ್ಲಿ ಸಾಕ್ಷಿ ಇರಬೇಕಿಲ್ಲ. ವಿಕಲಚೇತನರ ಮೇಲೆ ದೌರ್ಜನ್ಯ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ತಾಲ್ಲೂಕಿನಲ್ಲಿ ತಹಶೀಲ್ದಾರರಿಗೆ, ತಿಳಿಸಬಹುದು ಎನ್ನುತ್ತದೆ ಅದೇ ಕಾಯ್ದೆಯ 7ನೇ ಕಲಂ. ಹಿರಿಯರ ವಿಷಯವಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ತಿಳಿಸಿದ ಕೂಡಲೇ ಆ ವಾರ್ಡಿನ ರಾತ್ರಿ ಪಾಳಿಗೆ ಬೇರೆಯವರನ್ನು ಹಾಕಿ. ಆಯಾಳನ್ನು ಎಲ್ಲರೆದುರು ಬೈಯುವುದು ಬೇಡ. ಆಕೆಯ ಮಾತನ್ನೂ ನಾವು ಕೇಳುವುದಿದೆ, ರಾತ್ರಿ ಎಷ್ಟು ಮಂದಿಯನ್ನು ಒಬ್ಬಳೇ ನೋಡುತ್ತಿದ್ದಳು ಎಂಬುದನ್ನೂ ಸೇರಿಸಿ.