ಹಲ್ಲು ಸೋತ ಮುದಿ ನಾಯಿಗೆ ಮೆತ್ತನೆಯ ತಿನಿಸು

ಪ್ರಶ್ನೆ: ನಮ್ಮ ನಾಯಿಗೆ 12 ತುಂಬಿತು, ತೂಕ 10 ಕೆಜಿ. ಬಿಸ್ಕತ್ತಿನ ಡಬ್ಬಿ ಸದ್ದಾದರೆ ಸಾಕು, ಓಡಿ ಬರುತ್ತಿದ್ದವನು ಈಗ ಬಾಯಿಗೆ ಹಾಕಿಕೊಂಡು ಉಗುಳಿಬಿಡುತ್ತಾನೆ. ಹಲ್ಲಿಗೆ ಶ್ರಮವಾಗದಂಥ ತಿನಿಸನ್ನು ಮನೆಯಲ್ಲೇ ಮಾಡಿಕೊಡಬಹುದೆ?

ಧಾರಾಳವಾಗಿ ಮಾಡಿಕೊಡಬಹುದು. ಆದರೆ ಒಲೆ ಹಚ್ಚುವ ಮುಂಚೆ ಅವನ ಬಾಯೊಳಗೊಮ್ಮೆ ಇಣುಕಿ ನೋಡಿ. ‘ವಯಸ್ಸಾಯ್ತು, ಅದಕ್ಕೇ ಅಗಿಯಲ್ಲ’ ಎಂದು ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವೆ. ವಯಸ್ಸಾದ ಮಾತ್ರಕ್ಕೆ ನಾಯಿ ಬಿಸ್ಕತ್ತು ಉಗುಳುವುದಿಲ್ಲ, ನೋವಾದರೆ ಉಗುಳುತ್ತದೆ. ಬೆಳೆದ ನಾಯಿಯ ಬಾಯಲ್ಲಿ 42 ಹಲ್ಲುಗಳಿರುತ್ತವೆ. ವರ್ಷಗಟ್ಟಲೆ ಕಿಟ್ಟ ಕಟ್ಟಿ, ಒಸಡು ಕೆಳಗೆ ಸರಿದು, ಬೇರಿನ ಬುಡದಲ್ಲಿ ಕೀವು ತುಂಬಿದ್ದರೂ ಅದು ತಟ್ಟೆ ಬಿಟ್ಟು ಏಳುವುದಿಲ್ಲ. ಹಸಿವಿನ ಮುಂದೆ ನೋವನ್ನು ನುಂಗಿಕೊಳ್ಳುವ ಪ್ರಾಣಿ ಅದು. ಹಾಗಾಗಿ ‘ಊಟ ಮಾಡ್ತಾನಲ್ಲ, ಹಲ್ಲು ಸರಿಯಾಗೇ ಇರಬೇಕು’ ಎಂಬ ಲೆಕ್ಕ ತಪ್ಪುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ತಿನ್ನುತ್ತಿದ್ದವಳನ್ನು ನೋಡಿ ಮುದ್ದು ಮಾಡಿದ್ದೇ ಮಾಡಿದ್ದು. ಅವಳು ಎಡಗಡೆ ಮಾತ್ರ ಅಗಿಯುತ್ತಿದ್ದಾಳೆ ಎಂದು ಹೊಳೆದದ್ದು ತಿಂಗಳುಗಳ ಮೇಲೆ. ಅಲ್ಲಾಡುತ್ತಿದ್ದ ಎರಡು ದವಡೆಹಲ್ಲು ತೆಗೆಸಿದ ಮೇಲೆ ಊಟದ ವೇಗವೇ ಬದಲಾಯಿತು. ಬಾಯಿಂದ ಕೆಟ್ಟ ವಾಸನೆ, ಜೊಲ್ಲಿನಲ್ಲಿ ರಕ್ತದ ಎಳೆ, ಪಂಜದಿಂದ ಮೂತಿ ಉಜ್ಜಿಕೊಳ್ಳುವುದು, ತುತ್ತು ಕೆಳಗೆ ಬೀಳಿಸುವುದು, ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ನೋವಿನ ಮಾತ್ರೆಯನ್ನು ಮಾತ್ರ ಕೊಡಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಲ್ಲವು.

ಇನ್ನು ತಿನಿಸಿನ ವಿಷಯ. ನಾನು ಓವನ್ನಿನಲ್ಲಿ ಬೇಯಿಸುವುದಕ್ಕಿಂತ ಹಬೆಯಲ್ಲಿಡುವ ದಾರಿಯನ್ನೇ ಮೆಚ್ಚುತ್ತೇನೆ. ಓವನ್ನಿನಲ್ಲಿ ಐದು ನಿಮಿಷ ಹೆಚ್ಚಾದರೆ ಮೆತ್ತನೆಯದು ಮತ್ತೆ ಬಿಸ್ಕತ್ತೇ ಆಗುತ್ತದೆ. ಹಬೆಯಲ್ಲಿ ಆ ಭಯವಿಲ್ಲ. ಸಿಹಿಗುಂಬಳವನ್ನು ಸಿಪ್ಪೆ, ಬೀಜ ತೆಗೆದು ಬೇಯಿಸಿ, ನೀರು ಬಸಿದು, ನುಣ್ಣಗೆ ಮಸೆಯಿರಿ. ಅದು 200 ಗ್ರಾಂ ಇರಲಿ. ಅದಕ್ಕೆ ಒಂದು ಮೊಟ್ಟೆ, 100 ಗ್ರಾಂ ಓಟ್ಸ್ ಪುಡಿ ಸೇರಿಸಿ ಕಲಸಿ. ಉಪ್ಪು, ಸಕ್ಕರೆ, ಮಸಾಲೆ ಏನೂ ಬೇಡ. ಹತ್ತು ನಿಮಿಷ ಬಿಟ್ಟರೆ ಓಟ್ಸ್ ನೀರು ಹೀರಿ ಹಿಟ್ಟು ಗಟ್ಟಿಯಾಗುತ್ತದೆ. ಎಣ್ಣೆ ಸವರಿದ ತಟ್ಟೆಯಲ್ಲಿ ಬೆರಳ ದಪ್ಪಕ್ಕೆ ಹರಡಿ, ಸುಮಾರು 20 ನಿಮಿಷ ಹಬೆಯಲ್ಲಿಡಿ. ಚಾಕು ಚುಚ್ಚಿದರೆ ಅಂಟಬಾರದು. ಪೂರ್ತಿ ಆರಿದ ಮೇಲೆ 50 ತುಂಡು ಮಾಡಿ. ಎರಡು ಬೆರಳ ನಡುವೆ ಒತ್ತಿದಾಗ ತುಂಡು ಸಲೀಸಾಗಿ ಚಪ್ಪಟೆಯಾದರೆ ಹದ ಸರಿ.

50 ಎಂದು ಎಣಿಸಿ ಹೇಳಿದ್ದಕ್ಕೆ ಕಾರಣವಿದೆ. ಈ ಹಿಟ್ಟಿನಲ್ಲಿ ಒಟ್ಟು ಸುಮಾರು 500 ಕ್ಯಾಲೊರಿ ಇದೆ, ಅಂದರೆ ತುಂಡಿಗೆ ಹತ್ತು. ಹೆಚ್ಚು ಓಡಾಡದ 10 ಕೆಜಿಯ ಮುದಿ ನಾಯಿಗೆ ಇಡೀ ದಿನಕ್ಕೆ ಬೇಕಾಗುವುದೂ ಹೆಚ್ಚುಕಡಿಮೆ 500 ಕ್ಯಾಲೊರಿಯೇ. ತಿನಿಸಿನ ಪಾಲು ಅದರಲ್ಲಿ ಶೇ 10 ಮೀರಬಾರದು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ನಿಮ್ಮವನಿಗೆ ದಿನಕ್ಕೆ ಐದು ತುಂಡು, ಅಷ್ಟೇ. ಅವನು ದಿಟ್ಟಿಸುವ ನೋಟಕ್ಕೆ ಕರಗಿದಿರೋ, ಆ ಭಾರ ಹೊರಬೇಕಾದದ್ದು ಸವೆದ ಕೀಲುಗಳು. ಐದನ್ನು ಹತ್ತು ಚೂರು ಮಾಡಿಕೊಡಿ. ನಾಯಿಗೆ ತುಂಡಿನ ಗಾತ್ರಕ್ಕಿಂತ ಎಷ್ಟು ಸಲ ಸಿಕ್ಕಿತು ಎಂಬುದೇ ಮುಖ್ಯ.

ಹಲ್ಲೇ ಇಲ್ಲದಿದ್ದರೆ ತುಂಡನ್ನು ಬೆಚ್ಚಗಿನ ನೀರಿನಲ್ಲಿ ಕಿವುಚಿ ನೆಕ್ಕಲು ಕೊಡಿ. ಬೆಚ್ಚಗಿದ್ದರೆ ಪರಿಮಳ ಏಳುತ್ತದೆ. ವಯಸ್ಸಾದಂತೆ ಮೂಗೂ ಮಂಕಾಗುವುದರಿಂದ, ಫ್ರಿಜ್ಜಿನಿಂದ ತೆಗೆದ ತಣ್ಣನೆಯ ತಿನಿಸನ್ನು ಮೂಸಿ ಬಿಟ್ಟ ನಾಯಿ ಅದನ್ನೇ ಬೆಚ್ಚಗೆ ಮಾಡಿಕೊಟ್ಟರೆ ತಿನ್ನುವುದುಂಟು. ಕೋಳಿ ಬೇಯಿಸಿದ ನೀರನ್ನೂ ಬಳಸಬಹುದು, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಇರಬಾರದು. ಈರುಳ್ಳಿ ಜಾತಿಯದ್ದು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ, ಬೇಯಿಸಿದರೂ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಹತ್ತಿರವೂ ಸುಳಿಯಬಾರದು. ಕಡಲೆಕಾಯಿ ಬೆಣ್ಣೆ ಸೇರಿಸುವ ಆಸೆಯಿದ್ದರೆ ಡಬ್ಬಿಯ ಮೇಲೆ ಝೈಲಿಟಾಲ್ ಎಂದಿದೆಯೇ ನೋಡಿ. ಸಕ್ಕರೆಯ ಬದಲಿಗೆ ಹಾಕುವ ಈ ವಸ್ತು ಸ್ವಲ್ಪವೇ ಹೊಟ್ಟೆಗೆ ಹೋದರೂ ನಾಯಿಯ ರಕ್ತದ ಸಕ್ಕರೆ ದಿಢೀರ್ ಕುಸಿಯುತ್ತದೆ.

ಕಿಡ್ನಿಯ ತೊಂದರೆ, ಸಕ್ಕರೆ ಕಾಯಿಲೆ ಇದ್ದರೆ ಅಥವಾ ಮೇದೋಜೀರಕ ಗ್ರಂಥಿ ಒಮ್ಮೆ ಊದಿಕೊಂಡಿದ್ದರೆ ಮೇಲಿನ ಅಳತೆಯನ್ನು ವೈದ್ಯರಿಗೆ ತೋರಿಸದೆ ಬಳಸಬೇಡಿ. ಇಂಥ ನಾಯಿಗಳಿಗೆ ಮೊಟ್ಟೆಯ ಹಳದಿಯೂ ಹೆಚ್ಚಾಗಬಹುದು. ಅವನು ನೀರು ಎಷ್ಟು ಕುಡಿಯುತ್ತಾನೆ ಎಂದು ಒಂದು ದಿನ ಅಳೆದು ನೋಡುವುದೂ ಒಳ್ಳೆಯದೇ. 10 ಕೆಜಿಯ ನಾಯಿ ದಿನಕ್ಕೆ ಒಂದು ಲೀಟರ್ ದಾಟಿದರೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ.

ಸಂರಕ್ಷಕ ಏನೂ ಹಾಕಿಲ್ಲವಾದ್ದರಿಂದ ಫ್ರಿಜ್ಜಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಉಳಿದದ್ದು ಫ್ರೀಜರಿಗೆ ಹೋಗಲಿ, ದಿನದ ಐದು ತುಂಡು ಮಾತ್ರ ಹೊರಗೆ ಬರಲಿ. ಅಂದಹಾಗೆ, ಮಾತ್ರೆ ನುಂಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಮೊದಲ ತುಂಡು ಖಾಲಿ, ಎರಡನೆಯದರಲ್ಲಿ ಮಾತ್ರೆ, ಅದು ಗಂಟಲಿಳಿಯುವ ಮುಂಚೆಯೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಿರಿ.