ಒಂದು ಕಾಫಿ ತೋಟಕ್ಕೆ ಎಷ್ಟು ಸರ್ಕಾರ?

ಆನೆ ಕಾಟ, ಪೌತಿ ಖಾತೆ (ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಕಾಫಿ ರಫ್ತು. ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರು ಈ ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದು ಒಂದೇ ಕಚೇರಿಗೆ ಕೊಟ್ಟರೆ, ಎರಡಕ್ಕಾದರೂ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ. ಅದನ್ನು ಸಬೂಬು ಎಂದುಕೊಳ್ಳಬೇಡಿ. ಸಂವಿಧಾನದ 7ನೇ ಅನುಸೂಚಿ ಅಧಿಕಾರವನ್ನು ಕೇಂದ್ರ, ರಾಜ್ಯ, ಸಮವರ್ತಿ (ಇಬ್ಬರೂ ಕಾನೂನು ಮಾಡಬಹುದಾದ) ಎಂಬ ಮೂರು ಪಟ್ಟಿಗಳಲ್ಲಿ ಹಂಚಿರುವುದೇ ಹೀಗೆ.

ಗಿಡದ ಬುಡದ ನೆಲ ರಾಜ್ಯ ಪಟ್ಟಿಯ 18ನೇ ನಮೂದು. ಕೃಷಿ ಆದಾಯದ ತೆರಿಗೆಯೂ ರಾಜ್ಯದ್ದೇ, 46ನೇ ನಮೂದು. ಆದರೆ ಕಾಫಿ ಉದ್ಯಮ 1942ರ ಕಾಯ್ದೆಯ ಮೂಲಕ ಕೇಂದ್ರದ ಹತೋಟಿಯಲ್ಲಿದೆ. ಕಾಫಿ ಮಂಡಳಿ ಬರುವುದು ಕೇಂದ್ರ ವಾಣಿಜ್ಯ ಸಚಿವಾಲಯದಡಿ. ಅರಣ್ಯ ಮತ್ತು ವನ್ಯಜೀವಿ ರಕ್ಷಣೆ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಸೇರಿದವು. ಅಲ್ಲಿ ಎರಡು ಕಾನೂನುಗಳಿಗೆ ತಾಳೆಯಾಗದಿದ್ದರೆ 254ನೇ ವಿಧಿಯಂತೆ ಕೇಂದ್ರದ ಕಾನೂನೇ ನಿಲ್ಲುತ್ತದೆ. ರಾಷ್ಟ್ರಪತಿಯ ಅಂಕಿತ ಪಡೆದ ರಾಜ್ಯ ಕಾನೂನು ಆ ರಾಜ್ಯದ ಮಟ್ಟಿಗೆ ಉಳಿಯುತ್ತದೆ. ಬೆಳೆ ಪರಿಹಾರ ಕೊಡುವುದು ರಾಜ್ಯದ ಅರಣ್ಯ ಇಲಾಖೆಯೇ ಆದರೂ, ಆನೆ ಹಿಡಿಯುವ ಮಾತು ಬಂದಾಗ ಅದೇ ಇಲಾಖೆ ಸಂಸತ್ತಿನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೇ ನಡೆಯಬೇಕು. ಹಾಗೆಂದು ‘ಕೇಂದ್ರ ಮೇಲೆ, ರಾಜ್ಯ ಕೆಳಗೆ’ ಎನ್ನುವುದು ದೊಡ್ಡ ತಪ್ಪು ಕಲ್ಪನೆ. ರಾಜ್ಯವೇನೂ ದೆಹಲಿಯ ಶಾಖಾ ಕಚೇರಿಯಲ್ಲ.

ಇನ್ನು ಹೊರದೇಶದ ಮಾತು. ಅಂತರರಾಷ್ಟ್ರೀಯ ಒಪ್ಪಂದ ಕೇಂದ್ರಕ್ಕೆ ಮಾತ್ರ ಸೇರಿದ್ದು. ಅದನ್ನು ಜಾರಿ ಮಾಡಲು ರಾಜ್ಯ ಪಟ್ಟಿಯ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದು ಎನ್ನುತ್ತದೆ 253ನೇ ವಿಧಿ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ನಿಗದಿ ಮಾಡುತ್ತಿದ್ದ, 1989ರಲ್ಲಿ ಕುಸಿದ ಕೋಟಾ ವ್ಯವಸ್ಥೆ ಇಂಥ ಒಪ್ಪಂದದ ಫಲ. ದೇಶಗಳು ಕೂತು ಮಾತಾಡಿ ಒಪ್ಪಿಕೊಂಡದ್ದು. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ ಹಾಗಲ್ಲ. ಅದಕ್ಕೆ ಭಾರತ ಸಹಿ ಹಾಕಿಲ್ಲ, ಹಾಕಬೇಕಾಗಿಯೂ ಇಲ್ಲ. ಅದು ಕಟ್ಟಿಹಾಕುವುದು ಅಲ್ಲಿನ ಆಮದುದಾರನನ್ನು. ಅವನು ನಮ್ಮ ರಫ್ತುದಾರನನ್ನು ಕೇಳುತ್ತಾನೆ, ರಫ್ತುದಾರ ನಿಮ್ಮನ್ನು. ನಮ್ಮ ಸಾರ್ವಭೌಮತ್ವಕ್ಕೆ ಕಾನೂನಿನಲ್ಲಿ ಧಕ್ಕೆಯಿಲ್ಲ. ಆದರೂ ನಿಯಮ ತೋಟದ ಬೇಲಿ ದಾಟಿ ಒಳಬರುತ್ತದೆ.

ಅದು ಕೇಳುವುದಿಷ್ಟು: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗವಾಗಿರಬಾರದು. 4 ಹೆಕ್ಟೇರ್, ಅಂದರೆ ಹತ್ತಿರ ಹತ್ತು ಎಕರೆವರೆಗಿನ ತಾಕಿಗೆ ಅಕ್ಷಾಂಶ-ರೇಖಾಂಶದ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯೇ ಬೇಕು. ಜತೆಗೆ ಬೆಳೆದದ್ದು ನಮ್ಮ ದೇಶದ ಕಾನೂನಿನಂತೆ, ಹಕ್ಕಿರುವ ನೆಲದಲ್ಲಿ ಎಂದೂ ತೋರಿಸಬೇಕು. ತೊಡಕು ಶುರುವಾಗುವುದು ಇಲ್ಲೇ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಕಾಫಿ ಮಂಡಳಿ ಅದನ್ನು ತಿದ್ದಲಾರದು, ಸಂಸದರ ಪತ್ರದಿಂದಲೂ ಆಗದು. ಪೌತಿ ಖಾತೆಯ ಅರ್ಜಿ ಹೋಗಬೇಕಾದದ್ದು ರಾಜ್ಯದ ಕಂದಾಯ ಇಲಾಖೆಗೆ, ಅದೂ ಪ್ರತ್ಯೇಕ ಹಾಳೆಯಲ್ಲಿ.